ಹೊರದೇಶಕ್ಕೆ ಹೊರಟವರ ಗಂಟಿನಲ್ಲಿ ಏನಿರಬೇಕು, ಏನಿರಬಾರದು

ಕರಾವಳಿಯ ಮನೆಗಳಲ್ಲಿ ಹುಡುಗನೊಬ್ಬ ದುಬೈಗೋ ಕುವೈತ್‌ಗೋ ಹೊರಟರೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಚಿಕ್ಕಪ್ಪ ಅಲ್ಲೇ ಅರ್ಧ ಆಯುಷ್ಯ ಕಳೆದು ಬಂದಿರುತ್ತಾರೆ, ಭಾವ ಇನ್ನೂ ಅಲ್ಲೇ ಇರುತ್ತಾರೆ, ಪಕ್ಕದ ಮನೆಯ ಅಕ್ಕ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹಾಗಿಲ್ಲ. ಇಲ್ಲಿಯ ಮನೆತನಗಳ ತಿಳಿವಳಿಕೆಯೆಲ್ಲ ತೆಂಗು, ಅಡಿಕೆ, ಈರುಳ್ಳಿ, ರಾಗಿಯ ಸುತ್ತ. ಐಟಿಐ ಮುಗಿಸಿದ ಹುಡುಗ, ನರ್ಸಿಂಗ್ ಓದಿದ ಹುಡುಗಿ, ಲಾರಿ ಓಡಿಸಿ ಪಳಗಿದ ಡ್ರೈವರ್ ಹೊರದೇಶಕ್ಕೆ ಹೊರಟರೆ ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರುವುದಿಲ್ಲ. ಹಿರಿಯರು ಕೂರಬೇಕಾದ ಆ ಜಾಗದಲ್ಲಿ ಏಜೆಂಟ್ ಬಂದು ಕೂರುತ್ತಾನೆ. ‘ಎಲ್ಲಾ ನಾನ್ ನೋಡ್ಕೋತೀನಿ, ನೀವು ಪಾಸ್‌ಪೋರ್ಟ್ ಕೊಟ್ಟಿರಿ ಸಾಕು’ ಅನ್ನುತ್ತಾನೆ. ಹೆಚ್ಚಿನ ತೊಂದರೆಗಳು ಶುರುವಾಗುವುದೇ ಈ ಮಾತಿನಿಂದ.

ಆದ್ದರಿಂದ ಮುಂದೆ ಹೇಳುವುದೆಲ್ಲ ಒಂದೇ ಕಿವಿಮಾತಿನ ವಿಸ್ತಾರ: ನಿಮ್ಮ ಕಾಗದ, ನಿಮ್ಮ ಫೋನು, ನಿಮ್ಮ ಬ್ಯಾಂಕು ನಿಮ್ಮ ಕೈಯಲ್ಲೇ ಇರಲಿ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಕೆಲಸ ಕೆಡಿಸುವ ಮೊದಲ ಸಂಗತಿ ನಮ್ಮ ಇನಿಷಿಯಲ್. ಬಯಲುಸೀಮೆಯಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ‘ಕೆ. ಎಸ್. ಮಂಜುನಾಥ’ ಎಂದರೆ ಕೆ ಊರಿನದು, ಎಸ್ ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಲ್ಲಿರುವುದು ಎರಡು ಖಾನೆ: ಕೊಟ್ಟ ಹೆಸರು, ಮನೆತನದ ಹೆಸರು. ಎರಡನೆಯದನ್ನು ಖಾಲಿ ಬಿಟ್ಟು ‘ಮಂಜುನಾಥ’ ಎಂದಷ್ಟೇ ಬರೆಸಿದವರು ಬಹಳ. ಭಾರತದಲ್ಲಿ ಇದರಿಂದ ಅಡ್ಡಿಯಿಲ್ಲ. ಆದರೆ 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು (ಯುಎಇ) ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ, ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗಬಹುದು ಎಂದು ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಇಂಥವರ ಮೊದಲ ಹೆಸರಿನ ಜಾಗದಲ್ಲಿ ‘ಹೆಸರು ತಿಳಿದಿಲ್ಲ’ ಎಂಬರ್ಥದ ಮೂರು ಅಕ್ಷರ ಕೂರುತ್ತವೆ. ಮುಂದೆ ಅಲ್ಲಿಯ ಬ್ಯಾಂಕು, ಲೈಸೆನ್ಸು, ಸಂಬಳದ ಚೀಟಿಯಲ್ಲೆಲ್ಲ ಅದೇ ಹೆಸರು ಹಿಂಬಾಲಿಸುತ್ತದೆ.

ದಾರಿ ಸರಳ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಎರಡನೆಯ ಖಾನೆಗೆ ಒಮ್ಮೆ ಆರಿಸಿಕೊಳ್ಳಿ, ಅದನ್ನೇ ಎಲ್ಲ ಕಡೆ ಬಳಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಡಿಗ್ರಿ ಸರ್ಟಿಫಿಕೇಟ್ ನಾಲ್ಕನ್ನೂ ಒಂದು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸವರಾಜಪ್ಪ ಎಂದಿದ್ದರೆ ಈಗಲೇ ಸರಿಪಡಿಸಿ. ಅಂಕಪಟ್ಟಿಯ ತಿದ್ದುಪಡಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ವೀಸಾ ಬಂದ ಮೇಲೆ ಓಡಾಡಿದರೆ ಆಗುವ ಕೆಲಸ ಅದಲ್ಲ.

ಪಾಸ್‌ಪೋರ್ಟ್‌ಗೆ ಈಗ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಿಂದಲೇ ಶುರುವಾಯಿತು. ಅರ್ಜಿ ತುಂಬುವಾಗ ಹತ್ತಿರದ ಕೇಂದ್ರವನ್ನು ನೀವೇ ಆರಿಸಬಹುದು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸುವುದಾದರೆ ಮೊಬೈಲ್ ನಂಬರ್, ಇಮೇಲ್ ಎರಡೂ ನಿಮ್ಮದೇ ಕೊಡಿ. ಅಂಗಡಿಯವನ ಇಮೇಲ್ ಕೊಟ್ಟು ಬಂದವರು ಹತ್ತು ವರ್ಷದ ನಂತರ ನವೀಕರಣಕ್ಕೆ ಆ ಅಂಗಡಿ ಹುಡುಕಿಕೊಂಡು ಅಲೆಯುತ್ತಾರೆ.

ಅರ್ಜಿಯ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡುವುದನ್ನು ಮರೆಯಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ‘ಇಸಿಆರ್’ ಎಂಬ ಗುರುತು ಬೀಳುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವರು 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್, ಮಲೇಷ್ಯಾ ಎಲ್ಲ ಆ ಪಟ್ಟಿಯಲ್ಲಿವೆ. ಹತ್ತನೇ ತರಗತಿ ಪಾಸಾಗಿಯೂ ಅಂಕಪಟ್ಟಿ ಲಗತ್ತಿಸದೆ ಈ ಗುರುತು ಹಾಕಿಸಿಕೊಂಡವರಿದ್ದಾರೆ. ಹಾಗೆಂದು ಇಸಿಆರ್ ಎಂದರೆ ಅವಮಾನವೇನೂ ಅಲ್ಲ. ಆ ಅನುಮತಿಯ ನೆಪದಲ್ಲಿ ನಿಮ್ಮ ಕರಾರುಪತ್ರವನ್ನು ಸರ್ಕಾರದವರು ಒಮ್ಮೆ ನೋಡುತ್ತಾರೆ. ಅದನ್ನು ತಪ್ಪಿಸಲು ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎನ್ನುವವನ ಸಹವಾಸ ಬೇಡ. ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲೂ ಬಾಯಿ ಇರುವುದಿಲ್ಲ.

ಏಜೆಂಟ್ ಯಾರು, ಎಷ್ಟು ಕೊಡಬೇಕು

ನೋಂದಣಿಯಿರುವ ನೇಮಕಾತಿ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಲಕ್ಷ, ಒಂದೂವರೆ ಲಕ್ಷ ಎಂದು ನಗದು ಕೇಳುವವನು ಕಾನೂನು ಮೀರಿದವನು. ಅವನು ನಿಮ್ಮ ಜಾತಿಯವನೋ ದೂರದ ನೆಂಟನೋ ಆಗಿದ್ದರೂ ಮಾತು ಅದೇ. ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ ಲೈಸೆನ್ಸ್ ಸಂಖ್ಯೆಯೂ ಸಿಗುತ್ತವೆ. ಬಸ್ ಸ್ಟ್ಯಾಂಡ್ ಪಕ್ಕದ ಟ್ರಾವೆಲ್ಸ್ ಅಂಗಡಿಯವನು ‘ನಮ್ಮದು ಮುಂಬೈ ಕಂಪನಿಯ ಸಬ್ ಏಜೆನ್ಸಿ’ ಎಂದರೆ ಎದ್ದು ಬನ್ನಿ, ವಲಸೆ ಕಾಯ್ದೆಯಲ್ಲಿ ಸಬ್ ಏಜೆಂಟ್ ಎಂಬುದೇ ಇಲ್ಲ. ಸರ್ಕಾರದ ಕಡೆಯಿಂದಲೇ ಹೋಗಬೇಕೆಂದರೆ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ನರ್ಸ್‌ಗಳು ಇದನ್ನು ವಿಶೇಷವಾಗಿ ಗಮನಿಸಬೇಕು. 2015ರಿಂದ ಆ 18 ದೇಶಗಳಿಗೆ ಹೋಗುವ ನರ್ಸ್‌ಗಳು ಎಷ್ಟೇ ಓದಿದ್ದರೂ ಇ-ಮೈಗ್ರೇಟ್ ಮೂಲಕವೇ ಹೋಗಬೇಕು.

ಇದೆಲ್ಲ ಅತಿಯಾದ ಎಚ್ಚರಿಕೆ ಅನ್ನಿಸಿದರೆ ಇತ್ತೀಚಿನ ವರ್ಷಗಳನ್ನು ನೆನೆಯಿರಿ. ‘ಸೆಕ್ಯೂರಿಟಿ ಕೆಲಸ’ ಎಂದು ನಂಬಿ ಹೋದ ಕಲಬುರಗಿ ಕಡೆಯ ಯುವಕರು ರಷ್ಯಾ ಸೇನೆಯ ಯುದ್ಧಭೂಮಿಗೆ ಹೋಗಿ ಬಿದ್ದರು, 2024ರ ಸೆಪ್ಟೆಂಬರ್‌ನಲ್ಲಿ ವಾಪಸಾದರು. ‘ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ’ ಎಂದು ಕರೆಸಿಕೊಂಡು ಗಡಿ ದಾಟಿಸಿ, ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಕಂಪ್ಯೂಟರ್ ಬಲ್ಲ ಹುಡುಗರೇ ಇಂಥ ಜಾಲಕ್ಕೆ ಹೆಚ್ಚು ಬೀಳುತ್ತಿದ್ದಾರೆ.

ನಮ್ಮ ನೆರೆಯ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರ ಕಥೆ ಬೇರೆ ಬಗೆಯದು. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕದವರೆಗೆ ಹೋಗಿಬರುವ ಧೈರ್ಯಸ್ಥರು ಅವರು. ಏಜೆಂಟರ ಹಂಗಿಲ್ಲದೆ ಸ್ವಂತ ವ್ಯಾಪಾರಕ್ಕೆ ಹೋದವರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಸಿಡಿದಾಗ ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಹಡಗಿನಲ್ಲಿ ಜೆಡ್ಡಾಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಬಂದರು. ಯಾವ ದೇಶಕ್ಕೆ ಹೋದರೂ ಮೊದಲ ವಾರವೇ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನೋಂದಾಯಿಸಿ ಎನ್ನುವುದು ಇದಕ್ಕೇ. ಹುಡುಕಿ ಕರೆತರಬೇಕಾದರೆ ನೀವು ಅಲ್ಲಿರುವುದು ಮೊದಲು ಯಾರಿಗಾದರೂ ಗೊತ್ತಿರಬೇಕಲ್ಲ. ಆಫ್ರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಅದರ ಪ್ರಮಾಣಪತ್ರ ಜೋಪಾನವಾಗಿಡಬೇಕು. ಆ ಪತ್ರ ಜೀವಮಾನವಿಡೀ ನಡೆಯುತ್ತದೆ. ಅದಿಲ್ಲದೆ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದ ನೇರ ಪ್ರತ್ಯೇಕವಾಸ.

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಹೋಗುವವರಿಗೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಪಾಲಿಸಿಯ ಪ್ರತಿ ಮನೆಯವರ ಹತ್ತಿರವೂ ಇರಲಿ. ಹೋದವನ ಪೆಟ್ಟಿಗೆಯಲ್ಲಷ್ಟೇ ಇದ್ದರೆ ಬೇಕಾದಾಗ ಅದು ಯಾರ ಕೈಗೂ ಸಿಗುವುದಿಲ್ಲ.

ಕರಾರಿನಲ್ಲಿ ಮೂಲ ವೇತನ ನೋಡಿ

‘ಸಂಬಳ 1,800 ದಿರ್ಹಂ’ ಎಂದಷ್ಟು ಕೇಳಿ ಒಪ್ಪಬೇಡಿ. ಅದರಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂಬುದರ ಮೇಲೆ ಕೊನೆಗೆ ಕೈಗೆ ಬರುವ ಗಂಟು ನಿಂತಿದೆ. ಯುಎಇ ಕಾನೂನಿನಂತೆ ಕೆಲಸ ಬಿಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗಬೇಕು. ಮೂಲ ವೇತನ 1,000, ಭತ್ಯೆ 800 ಎಂದು ಬರೆದಿದ್ದರೆ ಐದು ವರ್ಷಕ್ಕೆ ಬರುವುದು 3,500 ದಿರ್ಹಂ. 1,800 ಪೂರ್ತಿ ಮೂಲ ವೇತನವಾಗಿದ್ದರೆ 6,300. ತಿಂಗಳ ಸಂಬಳ ಎರಡರಲ್ಲೂ ಒಂದೇ. ಓವರ್‌ಟೈಮ್ ಲೆಕ್ಕವೂ ಮೂಲ ವೇತನದ ಮೇಲೆಯೇ. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್. ಕಂಪನಿಯೇ ಊಟ, ವಸತಿ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ರಿಯಾಲ್ ಸೇರಿಸಿ ಕೊಡಬೇಕು. ಇಲ್ಲಿ ಸಹಿ ಹಾಕಿದ ಕರಾರು, ಅಲ್ಲಿ ಇಳಿದ ಮೇಲೆ ಮುಂದಿಡುವ ಕರಾರು ಒಂದೇ ಆಗಿದೆಯೇ ನೋಡಿ. ಎರಡರ ಫೋಟೋ ತೆಗೆದು ಮನೆಯವರ ವಾಟ್ಸಾಪ್‌ಗೆ ಕಳುಹಿಸಿ.

ಡಿಗ್ರಿ ಬೇಡುವ ಕೆಲಸಕ್ಕೆ ಸರ್ಟಿಫಿಕೇಟ್ ದೃಢೀಕರಣ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪದವಿಯಾದರೆ ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ಮುದ್ರೆ, ನಂತರ ವಿದೇಶಾಂಗ ಸಚಿವಾಲಯದ್ದು. ಒಮಾನ್, ಬಹರೇನ್, ಸೌದಿಯಂಥ ದೇಶಗಳಿಗೆ ‘ಅಪೋಸ್ಟಿಲ್’ ಎಂಬ ಚೀಟಿ ಸಾಕು. ಯುಎಇಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಗೆ 50 ರೂಪಾಯಿ, ಜೊತೆಗೆ ಅರ್ಜಿ ಸ್ವೀಕರಿಸುವ ಸಂಸ್ಥೆಯ ಸಣ್ಣ ಸೇವಾ ಶುಲ್ಕ. ಇದಕ್ಕೆ ಸಾವಿರಾರು ರೂಪಾಯಿ ಹೇಳುವವರು ತಮ್ಮ ಓಡಾಟಕ್ಕೆ ಕೇಳುತ್ತಿದ್ದಾರೆ, ಅಷ್ಟೇ.

ಗಲ್ಫ್ ದೇಶಗಳ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ದೊಡ್ಡ ಗಂಡಾಂತರ. ಎಂದೋ ವಾಸಿಯಾದ ಟಿಬಿಯ ಕಲೆ ಕಂಡರೂ ‘ಅನ್‌ಫಿಟ್’ ಎಂದು ಬರೆಯಬಹುದು. ಸಾಲ ಮಾಡಿ ಮುಂಗಡ ಕೊಡುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ ತೆಗೆಸಿ ನೋಡುವುದು ಜಾಣತನ.

ಅಮ್ಮ ಕಟ್ಟಿಕೊಡುವ ಗಂಟು

ಈಗ ಲಗೇಜಿನ ಮಾತು. ನಮ್ಮ ಮೂರು ತಾಲ್ಲೂಕಿನ ಮನೆಗಳಿಂದ ಪ್ರೀತಿಯಿಂದ ಹೊರಡುವ ವಸ್ತುಗಳಲ್ಲೇ ಅಪಾಯಕಾರಿಯಾದವು ಮೂರಿವೆ.

ಮೊದಲನೆಯದು ಗಸಗಸೆ. ಪಾಯಸಕ್ಕಿರಲಿ ಎಂದು ಅಮ್ಮ ಕಾಲು ಕೆಜಿ ಕಟ್ಟಿಕೊಟ್ಟರೆ ಅದು ದುಬೈನಲ್ಲಿ ಮಾದಕ ವಸ್ತುವಿನ ಪ್ರಕರಣ. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದಕ್ಕೆ ಪೂರ್ತಿ ನಿಷೇಧ, ಸಿಂಗಪುರದಲ್ಲೂ ಬಹಳ ಕಟ್ಟುನಿಟ್ಟು. ‘ಅಡುಗೆಗೆ ತಂದಿದ್ದು ಸ್ವಾಮಿ’ ಎಂದರೆ ಕೇಳುವವರಿಲ್ಲ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಗೆ ಗಸಗಸೆ ಬಿದ್ದಿದೆಯೇ ಎಂದೂ ಕೇಳಿ ಕಟ್ಟಿಸಿಕೊಳ್ಳಿ.

ಎರಡನೆಯದು ಕೊಬ್ಬರಿ. ಕಡೂರು ಸೀಮೆಯಿಂದ ಹೊರಟವರ ಚೀಲದಲ್ಲಿ ಉಂಡೆ ಕೊಬ್ಬರಿ ಇರದಿದ್ದರೆ ಹೇಗೆ ಅನ್ನಿಸಬಹುದು. ಆದರೆ ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಕೈಚೀಲದಲ್ಲೂ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲೂ ಬೇಡ. ಕೊಬ್ಬರಿ ಮಿಠಾಯಿಗೆ ಆ ತೊಡಕಿಲ್ಲ.

ಮೂರನೆಯದು ಎಲೆ ಅಡಿಕೆ. ತರೀಕೆರೆಯವರಿಗೆ ಹೇಳಲು ಬಾಯಿ ಬರದ ಮಾತು. ಯುಎಇಗೆ ಅಡಿಕೆ, ಪಾನ್ ಒಯ್ಯುವುದು ನಿಷಿದ್ಧ. ಗುಟ್ಕಾದ ಮಾತೇ ಬೇಡ. ರಸ್ತೆಯಲ್ಲಿ ಉಗುಳಿದರೆ ದಂಡ.

ಮಾತ್ರೆಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಇಲ್ಲಿ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಗಲ್ಫ್‌ನಲ್ಲಿ ನಿಯಂತ್ರಿತ ಔಷಧಗಳು. ಬಿಪಿ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಯ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನೊಂದಿಗೆ ಇರಲಿ. ಯುಎಇಗೆ ನಿಯಂತ್ರಿತ ಔಷಧ ಒಯ್ಯಲೇಬೇಕಾದರೆ ಅಲ್ಲಿಯ ಆರೋಗ್ಯ ಸಚಿವಾಲಯದಿಂದ ಮೊದಲೇ ಆನ್‌ಲೈನ್ ಅನುಮತಿ ಪಡೆಯಬಹುದು.

ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿಟ್ಟರೆ ಬೆಂಗಳೂರಿನಲ್ಲೇ ಕಸದ ಡಬ್ಬಿ ಸೇರುತ್ತವೆ, ದೊಡ್ಡ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕಟ್ಟಿಡಿ. ಆಸ್ಟ್ರೇಲಿಯಕ್ಕೆ ಹೋಗುವವರು ತಿನ್ನುವ ಪ್ರತಿಯೊಂದನ್ನೂ ಇಳಿಯುವ ಮುನ್ನ ಕೊಡುವ ಕಾರ್ಡಿನಲ್ಲಿ ಬರೆದು ತಿಳಿಸಬೇಕು. ಬರೆದರೆ ಹೆಚ್ಚೆಂದರೆ ವಸ್ತು ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದೊಡ್ಡ ದಂಡ ಹಾಕುತ್ತಾರೆ. ಅಜ್ಜಂಪುರದ ಈರುಳ್ಳಿ ಅಲ್ಲಿಗೆ ಹೋಗುವ ಹಾಗಿಲ್ಲ. ರಾಗಿ ಹಿಟ್ಟಿಗಾಗಿ ಚಿಂತೆ ಬೇಡ, ದುಬೈನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಆ ತೂಕಕ್ಕೆ ಎರಡು ಜೊತೆ ಹತ್ತಿ ಬಟ್ಟೆ ಹೆಚ್ಚು ಇಟ್ಟುಕೊಳ್ಳಿ.

ಇನ್ನೊಂದು. ‘ನಮ್ ಅಳಿಯ ಅಲ್ಲೇ ಇದಾನೆ, ಈ ಪೊಟ್ಟಣ ಕೊಟ್ಬಿಡಪ್ಪ’ ಎಂದು ಊರಿನವರು ತರುವ ಪೊಟ್ಟಣವನ್ನು ಅವರ ಎದುರಿಗೇ ಬಿಚ್ಚಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಒಯ್ಯಬೇಡಿ. ನಿಷ್ಠುರವಾದರೂ ಚಿಂತೆಯಿಲ್ಲ.

ಅಲ್ಲಿಯ ದಿನಚರಿ

ಇಳಿದ ಮೇಲೆ ಮೊದಲ ಕೆಲಸ ಸ್ಥಳೀಯ ಗುರುತಿನ ಚೀಟಿ. ಸೌದಿಯಲ್ಲಿ ಇಕಾಮಾ, ಯುಎಇಯಲ್ಲಿ ಎಮಿರೇಟ್ಸ್ ಐಡಿ. ಬ್ಯಾಂಕು, ಸಿಮ್, ಆಸ್ಪತ್ರೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಆ ಚೀಟಿ ಸದಾ ಜೇಬಿನಲ್ಲಿರಲಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇ, ಸೌದಿ, ಕತಾರ್ ಮೂರರಲ್ಲೂ ಕಾನೂನುಬಾಹಿರ. ಹಾಗಿದ್ದೂ ಇಟ್ಟುಕೊಳ್ಳುವವರಿದ್ದಾರೆ. ಜಗಳಕ್ಕೆ ಮೊದಲು ಅದರ ಎಲ್ಲ ಪುಟದ ಫೋಟೋ, ವೀಸಾದ ಫೋಟೋ ನಿಮ್ಮ ಇಮೇಲ್‌ನಲ್ಲಿರಲಿ.

ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿಯಿರುವ ‘ಬೋಟಿಮ್’ನಂಥ ಆ್ಯಪನ್ನು ಹೊರಡುವ ಮುನ್ನವೇ ಅಮ್ಮನ ಫೋನಿನಲ್ಲೂ ಹಾಕಿ ಕಲಿಸಿ. ಅಡ್ಡದಾರಿಯ ವಿಪಿಎನ್ ಹಾಕಿ ಸಿಕ್ಕಿಬಿದ್ದರೆ ದಂಡ ಭಾರಿ. ಯುಎಇ ನಮಗಿಂತ ಒಂದೂವರೆ ಗಂಟೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಡ್ಯೂಟಿ ಮುಗಿಸಿ ನೀವು ಸೌದಿಯಿಂದ ರಾತ್ರಿ ಎಂಟಕ್ಕೆ ಕರೆ ಮಾಡಿದರೆ ಊರಿನಲ್ಲಿ ಹತ್ತೂವರೆ, ತೋಟದ ಮನೆಯವರು ಮಲಗಿರುತ್ತಾರೆ.

ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೋ ತೆಗೆಯಬೇಡಿ. ಸಹೋದ್ಯೋಗಿಯನ್ನು ವಾಟ್ಸಾಪ್‌ನಲ್ಲಿ ಬೈದರೂ ಅದು ಪೊಲೀಸ್ ಕೇಸಾಗಬಲ್ಲದು. ಕುವೈತ್‌ನಲ್ಲಿ ಮದ್ಯಕ್ಕೆ ನಿಷೇಧವಿದೆ, ಸೌದಿಯಲ್ಲೂ ನಮ್ಮಂಥವರಿಗೆ ಅದು ಇಲ್ಲವೆಂದೇ ತಿಳಿಯಿರಿ. ರಂಜಾನ್ ಹಗಲಿನಲ್ಲಿ ಎಲ್ಲರೆದುರು ತಿನ್ನುವುದು, ನೀರು ಕುಡಿಯುವುದು, ಸಿಗರೇಟು ಸೇದುವುದು ಬೇಡ.

ಡ್ರೈವರ್‌ಗಳಿಗೆ ದೊಡ್ಡ ಬದಲಾವಣೆ ರಸ್ತೆಯ ಬಲಬದಿ. ತರೀಕೆರೆಯ ಕೆಎ-66 ಕಚೇರಿಯ ಲೈಸೆನ್ಸು ಎಷ್ಟು ಹಳೆಯದಾದರೂ ದುಡಿಯಲು ಹೋದವರು ಅಲ್ಲಿಯ ಲೈಸೆನ್ಸನ್ನೇ ಪಡೆಯಬೇಕು. ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಪರವಾನಗಿ ಪ್ರವಾಸಿಗರಿಗೆ ಸರಿ. ಯುಎಇಯಲ್ಲಿ ವರ್ಷದೊಳಗೆ 24 ಕಪ್ಪು ಅಂಕ ಬಿದ್ದರೆ ಲೈಸೆನ್ಸ್ ಅಮಾನತು.

ಹೊರಾಂಗಣದಲ್ಲಿ ದುಡಿಯುವವರು ಬಿಸಿಲಿನ ನಿಯಮ ಬಾಯಿಪಾಠ ಮಾಡಿಕೊಳ್ಳಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಯುಎಇಯಲ್ಲಿ ಮಧ್ಯಾಹ್ನ 12.30ರಿಂದ 3, ಸೌದಿಯಲ್ಲಿ 12ರಿಂದ 3ರವರೆಗೆ ನೇರ ಬಿಸಿಲಿನ ಕೆಲಸಕ್ಕೆ ನಿಷೇಧ. ಕತಾರ್‌ನಲ್ಲಿ ಜೂನ್ 1ರಿಂದಲೇ, ಬೆಳಗ್ಗೆ 10ರಿಂದ 3.30ರವರೆಗೆ. ಆ ಹೊತ್ತಿನಲ್ಲಿ ದುಡಿಸಿದರೆ ದೂರು ಕೊಡಬಹುದು. ಕಡೂರಿನ ಬೇಸಿಗೆ ಕಂಡವರು ‘ಬಿಸಿಲೇನು ಹೊಸದಾ’ ಅನ್ನುತ್ತಾರೆ. ಅಲ್ಲಿಯ ಸಮುದ್ರದ ಕಡೆಯ ಆರ್ದ್ರತೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ.

ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲಬೇಡಿ. ಗಲ್ಫ್‌ನಲ್ಲಿ ಸಾಲ ಬಾಕಿಯ ಪ್ರಕರಣವಿದ್ದರೆ ದೇಶ ಬಿಡದಂತೆ ಪ್ರಯಾಣ ನಿಷೇಧ ಬೀಳುತ್ತದೆ. ಅಪ್ಪನ ಅಂತ್ಯಕ್ರಿಯೆಗೂ ಬರಲಾಗದು.

ದುಡ್ಡು ಮತ್ತು ತೋಟ

ಕೆಲಸಕ್ಕೆಂದು ವಿಮಾನ ಹತ್ತಿದ ದಿನದಿಂದಲೇ ವಿದೇಶಿ ವಿನಿಮಯ ಕಾಯ್ದೆ (ಫೆಮಾ) ಪ್ರಕಾರ ನೀವು ಅನಿವಾಸಿ. ಊರಿನ ಉಳಿತಾಯ ಖಾತೆಯನ್ನು ‘ಎನ್‌ಆರ್‌ಒ’ ಆಗಿ ಬದಲಾಯಿಸಬೇಕು. ತೋಟದ ಆದಾಯ, ಮಳಿಗೆ ಬಾಡಿಗೆ ಅದಕ್ಕೆ ಬರಲಿ. ಅಲ್ಲಿಂದ ಕಳುಹಿಸುವ ಸಂಬಳಕ್ಕೆ ‘ಎನ್‌ಆರ್‌ಇ’ ಖಾತೆ ತೆರೆಯಿರಿ. ಇದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಹಣ ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಬ್ಯಾಂಕು ತಪ್ಪಿಸಿ ಹುಂಡಿಯಲ್ಲಿ ಕಳುಹಿಸಿದರೆ ಒಂದೆರಡು ಪೈಸೆ ಹೆಚ್ಚು ಸಿಗಬಹುದು, ಆದರೆ ಅದು ಅಪರಾಧ. ನಾಳೆ ಮನೆ ಕಟ್ಟಿದಾಗ ದುಡ್ಡು ಎಲ್ಲಿಂದ ಬಂತು ಎಂದರೆ ತೋರಿಸಲು ಕಾಗದವೂ ಇರುವುದಿಲ್ಲ.

ಒಟಿಪಿ ಬರುವ ಊರಿನ ಸಿಮ್ ಸಾಯದಂತೆ ನೋಡಿಕೊಳ್ಳಿ. 90 ದಿನ ಬಳಸದಿದ್ದರೆ ಅದು ನಿಂತುಹೋಗಬಹುದು, ಆಮೇಲೆ ಆ ನಂಬರ್ ಬೇರೆಯವರ ಕೈಸೇರುತ್ತದೆ. ರೋಮಿಂಗ್ ಚಾಲೂ ಮಾಡಿಸಿ, ಮನೆಯವರಿಂದ ರೀಚಾರ್ಜ್ ಮಾಡಿಸುತ್ತಿರಿ.

ಇನ್ನು ನಮ್ಮ ಜನಕ್ಕೆ ಗೊತ್ತೇ ಇಲ್ಲದ, ಆದರೆ ನಮಗೇ ಅತಿ ಹೆಚ್ಚು ತಟ್ಟುವ ನಿಯಮ. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮನೆ, ನಿವೇಶನ ಕೊಳ್ಳಬಹುದು. ದುಬೈನಲ್ಲಿ ದುಡಿದು ಪಕ್ಕದ ಎರಡೆಕರೆ ಅಡಿಕೆ ತೋಟ ಹಿಡಿಯುವುದು ಇಲ್ಲಿಯ ಪ್ರತಿ ಹುಡುಗನ ಕನಸು, ರಜೆಗೆ ಬಂದಾಗ ನೋಂದಣಿಯನ್ನೂ ಮಾಡಿಸಿಬಿಡುತ್ತಾರೆ. ಸಿಕ್ಕಿಬಿದ್ದರೆ ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ದಾನಪತ್ರದ ಮೂಲಕವೂ ಕೃಷಿ ಭೂಮಿ ಪಡೆಯುವಂತಿಲ್ಲ. ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿದ್ದ ಜಮೀನು ನಿಮ್ಮದಾಗಿಯೇ ಉಳಿಯುತ್ತದೆ, ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿಯಿಲ್ಲ. ಹಾಗಾಗಿ ಅಣ್ಣತಮ್ಮಂದಿರ ಪಾಲು, ಪೌತಿ ಖಾತೆ, ಪಹಣಿಗೆ ಆಧಾರ್ ಜೋಡಣೆ ಎಲ್ಲವನ್ನೂ ಹೊರಡುವ ಮೊದಲು ಮುಗಿಸಿ. ‘ಬಂದ್ಮೇಲೆ ನೋಡೋಣ ಬಿಡೋ’ ಎನ್ನುವ ಅಣ್ಣನ ಮೇಲೆ ಪ್ರೀತಿ ಇರಲಿ, ಕಾಗದವೂ ಇರಲಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದವರ ಕುಟುಂಬಕ್ಕೆ ಪಿಎಂ-ಕಿಸಾನ್ ಹಣವೂ ಸಲ್ಲುವುದಿಲ್ಲ. ಬಂದದ್ದನ್ನು ವಾಪಸ್ ಕೇಳಿದರೆ ಆಶ್ಚರ್ಯಪಡಬೇಡಿ.

ಸೊಸೈಟಿ ಸಾಲದ ನವೀಕರಣ, ಜಮೀನಿನ ವ್ಯವಹಾರಗಳಿಗೆ ಊರಿನಲ್ಲಿ ಒಬ್ಬರ ಸಹಿ ಬೇಕಾಗುತ್ತದೆ. ಹೊರಡುವ ಮುನ್ನವೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಂಡತಿಗೋ ಅಪ್ಪನಿಗೋ ಅಧಿಕಾರ ಪತ್ರ ಬರೆದುಕೊಡುವುದು ಸುಲಭ. ಯಾವ ಕೆಲಸಕ್ಕೆ ಎಂದು ಹೆಸರಿಸಿ ಬರೆಸಿ, ಮಾರುವ ಅಧಿಕಾರವನ್ನು ಯೋಚಿಸದೆ ಕೊಡಬೇಡಿ. ಅಲ್ಲಿಗೆ ಹೋದ ಮೇಲೆ ಮಾಡುವುದಾದರೆ ಭಾರತೀಯ ದೂತಾವಾಸದಲ್ಲಿ ಸಹಿ ಹಾಕಿ ದೃಢೀಕರಿಸಿ ಕಳುಹಿಸಬೇಕು, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ತಪ್ಪಿಸಿಕೊಂಡು ಒದ್ದಾಡುವವರು ಬಹಳ.

ಕೈಕೊಟ್ಟಾಗ

ಸಂಬಳ ನಿಂತರೆ ಕೆಲಸ ಬಿಟ್ಟು ಓಡಬೇಡಿ. ಸೌದಿಯಲ್ಲಿ ಮಾಲೀಕ ‘ಹುರೂಬ್’, ಅಂದರೆ ಓಡಿಹೋದವನು ಎಂದು ದೂರು ದಾಖಲಿಸಿದರೆ ಅಪರಾಧಿ ನೀವಾಗುತ್ತೀರಿ. ಮೊದಲು ಅಲ್ಲಿಯ ಕಾರ್ಮಿಕ ಇಲಾಖೆಗೆ, ಜೊತೆಗೆ ಭಾರತೀಯ ರಾಯಭಾರ ಕಚೇರಿಗೆ ದೂರು ಕೊಡಿ. ಊರಿನಲ್ಲಿರುವ ಮನೆಯವರೂ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಷ್ಟದಲ್ಲಿರುವವರಿಗೆ ವಸತಿ, ವಾಪಸ್ ಟಿಕೆಟ್, ಕಾನೂನು ನೆರವು, ಗತಿಯಿಲ್ಲದೆ ಸತ್ತವರ ದೇಹ ಊರಿಗೆ ತರುವ ವೆಚ್ಚ ಸಿಗುತ್ತದೆ. ಇದು ಭಿಕ್ಷೆಯಲ್ಲ. ಪಾಸ್‌ಪೋರ್ಟ್, ವೀಸಾ ಸೇವೆಗೆ ಬಂದವರಿಂದ ಅಲ್ಲಿಯ ದೂತಾವಾಸಗಳು ಸಂಗ್ರಹಿಸುವ ಸಣ್ಣ ಸಣ್ಣ ಶುಲ್ಕದಿಂದಲೇ ಕೂಡಿದ ಹಣ. ಬೆಂಗಳೂರಿನಲ್ಲಿ ಕರ್ನಾಟಕ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯೂ ಇದೆ.

ಕಚೇರಿಗಳಿಗಿಂತ ಮೊದಲು ನೆರವಿಗೆ ಬರುವುದು ಸಾಮಾನ್ಯವಾಗಿ ಅಲ್ಲಿಯ ಕನ್ನಡಿಗರು. ಬಹರೇನ್‌ನ ಕನ್ನಡ ಸಂಘ, ಕತಾರ್‌ನ ಕರ್ನಾಟಕ ಸಂಘ, ದುಬೈನ ಮಕ್ಕಳಿಗೆ ಕನ್ನಡ ಕಲಿಸುವ ‘ಕನ್ನಡ ಮಿತ್ರರು’, ಸಿಂಗಪುರದ ಕನ್ನಡ ಸಂಘ, ಬ್ರಿಟನ್ನಿನ ಕನ್ನಡ ಬಳಗ, ಅಮೆರಿಕದ ‘ಅಕ್ಕ’ ಸಂಘಟನೆ. ರಾಜ್ಯೋತ್ಸವಕ್ಕೆ ಮಾತ್ರ ಹೋಗಿ ಊಟ ಮಾಡಿ ಬರುವ ಜಾಗ ಎಂದುಕೊಳ್ಳದೆ ಮೊದಲ ತಿಂಗಳಲ್ಲೇ ಹೋಗಿ ಪರಿಚಯ ಮಾಡಿಕೊಳ್ಳಿ.

ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಸಂಖ್ಯೆ 1800 11 3090. ಭಾರತದೊಳಗಿಂದ ಕರೆ ಉಚಿತ. ನಿಮ್ಮ ಮುಂದೆ ಕೂತ ಏಜೆಂಟನಿಗೆ ಲೈಸೆನ್ಸ್ ಇದೆಯೋ ಇಲ್ಲವೋ ಎಂದು ದುಡ್ಡು ಕೊಡುವ ಮೊದಲು ಅಲ್ಲಿ ಕೇಳಿ.